ಗ್ಲೋಬ್, ದಾರ, ಬಟರ್ ಪೇಪರ್: ಮಕ್ಕಳು ಅಳೆದೇ ನೋಡಬಹುದಾದ ಪ್ರಪಂಚದ ಸಂಗತಿಗಳು ಯಾವುವು?

ಶನಿವಾರದ_ಗುಂಪು ಕೇಳಿದ್ದು:

ಊರಿನ ಗ್ರಂಥಾಲಯದಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ ಮಕ್ಕಳ ತರಗತಿ ಇದೆ. ನಾಲ್ಕರಿಂದ ಏಳನೇ ಕ್ಲಾಸಿನ ಇಪ್ಪತ್ತು ಮಕ್ಕಳು. ಮುಂದಿನ ನಾಲ್ಕು ವಾರಕ್ಕೆ ಪ್ರಪಂಚದ ಭೂಗೋಳ ಎಂದು ಇಟ್ಟುಕೊಂಡಿದ್ದೇವೆ. ಕೈಯಲ್ಲಿರುವ ಸಾಮಾನು: 30 ಸೆಂ.ಮೀ. ವ್ಯಾಸದ ಒಂದು ಗ್ಲೋಬ್, ಗೋಡೆಗೆ ತೂಗುಹಾಕುವ ಪ್ರಪಂಚದ ನಕ್ಷೆ, ಎರಡು ಅಟ್ಲಾಸ್, ಹೊಲಿಗೆ ದಾರ, ಸ್ಕೇಲು. ಪ್ರೊಜೆಕ್ಟರ್ ಇಲ್ಲ.

ಅತಿ ಎತ್ತರದ ಶಿಖರ ಯಾವುದು, ಅತಿ ಉದ್ದದ ನದಿ ಯಾವುದು ಎಂದು ಪಟ್ಟಿ ಓದಿಸಿದರೆ ಮಕ್ಕಳು ಬಾಯಿಪಾಠ ಮಾಡಿ ಮುಂದಿನ ವಾರಕ್ಕೆ ಮರೆತುಬಿಡುತ್ತಾರೆ. ಮೊಬೈಲಿನಲ್ಲಿ ಓಡಾಡುವ "ನಿಮಗಿದು ಗೊತ್ತೇ" ಪಟ್ಟಿಗಳಲ್ಲಿ ತಪ್ಪುಗಳೂ ಜಾಸ್ತಿ. ಮಕ್ಕಳೇ ಕೈಯಾರೆ ಅಳೆದು "ಹೌದಲ್ಲ!" ಎನ್ನುವಂಥ ಸಂಗತಿಗಳು ಬೇಕು. ಹೇಗೆ ಮಾಡಿಸುವುದು, ಎಲ್ಲಿ ಕೆಡುತ್ತದೆ ಅನ್ನುವುದನ್ನೂ ಹೇಳಿ. ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸಿ ಮೃತ ಸಮುದ್ರವನ್ನು ತೋರಿಸುವ ಪ್ರಯೋಗಕ್ಕೆ ಉಪ್ಪು ಎಷ್ಟು ಬೇಕು ಅನ್ನುವುದೂ ಗೊತ್ತಾಗಬೇಕಿತ್ತು.

ದಾರದುಂಡೆ:

ಮೊದಲ ವಾರ ಗ್ಲೋಬಿನ ಅಳತೆಯೊಂದನ್ನೇ ಹಿಡಿಯಿರಿ, ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ. ಸಮಭಾಜಕ ವೃತ್ತದ ಮೇಲೆ ಒಂದು ಸುತ್ತು ದಾರ ಸುತ್ತಿ, ಬಿಡಿಸಿ, ಸ್ಕೇಲಿನ ಮೇಲಿಡಿ. 30 ಸೆಂ.ಮೀ. ಗ್ಲೋಬಿಗೆ 94 ಸೆಂ.ಮೀ. ಆಸುಪಾಸು ಬರಬೇಕು. ಭೂಮಿಯ ಸುತ್ತಳತೆ 40,075 ಕಿ.ಮೀ. ಭಾಗಿಸಿದರೆ ಒಂದು ಸೆಂಟಿಮೀಟರಿಗೆ ಸುಮಾರು 425 ಕಿ.ಮೀ. ಈ 425 ಅನ್ನು ಬೋರ್ಡಿನ ಮೂಲೆಯಲ್ಲಿ ಬರೆದು ನಾಲ್ಕು ವಾರವೂ ಅಳಿಸದೆ ಬಿಡಿ. ಲೆಕ್ಕ ಸರಿಯಿದೆಯೇ ಎಂದು ನೋಡಲು ಬೆಂಗಳೂರು–ದೆಹಲಿ ಅಳೆಸಿ: 4.1 ಸೆಂ.ಮೀ., ಅಂದರೆ ಸುಮಾರು 1,740 ಕಿ.ಮೀ. ನೇರ ದೂರ. ರೈಲಿನ ದೂರ ಇದಕ್ಕಿಂತ ಬಹಳ ಹೆಚ್ಚು. ಅದು ಯಾಕೆ ಅಂತ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, ಕೇಳಲಿ.

ದಾರ ಹತ್ತಿಯದೇ ಆಗಿರಲಿ. ಉಲ್ಲನ್ ಮತ್ತು ಎಲಾಸ್ಟಿಕ್ ಎಳೆದಷ್ಟೂ ಹಿಗ್ಗುತ್ತವೆ. ಅಗ್ಗದ ಗ್ಲೋಬುಗಳಲ್ಲಿ ಎರಡು ಅರ್ಧಗೋಳ ಅಂಟಿಸಿದ ಜಾಗದಲ್ಲಿ, ಅಂದರೆ ಸಮಭಾಜಕದ ಮೇಲೆಯೇ, ಕಾಗದ ಒಂದೆರಡು ಮಿ.ಮೀ. ಜರುಗಿರುತ್ತದೆ. 2 ಮಿ.ಮೀ. ಅಂದರೆ 85 ಕಿ.ಮೀ. ಹೀಗಾಗಿ ಉತ್ತರಾರ್ಧದ ಊರಿನಿಂದ ದಕ್ಷಿಣಾರ್ಧದ ಊರಿಗೆ ಅಳೆದಾಗ ಸ್ವಲ್ಪ ಹೆಚ್ಚುಕಡಿಮೆ ಬಂದರೆ ಅದು ಮಕ್ಕಳ ತಪ್ಪಲ್ಲ.

ಈಗ ಎತ್ತರ. ಎವರೆಸ್ಟನ್ನು ಈ ಗ್ಲೋಬಿನ ಮೇಲೆ ನಿಜ ಪ್ರಮಾಣದಲ್ಲಿ ನಿಲ್ಲಿಸಬೇಕಾದರೆ ಎಷ್ಟು ಎತ್ತರ ಬೇಕು ಅಂತ ಕೇಳಿ. ಬೆರಳುದ್ದ ತೋರಿಸುವವರೇ ಹೆಚ್ಚು. ಉತ್ತರ 0.2 ಮಿ.ಮೀ.: ಎರಡು ಎ4 ಹಾಳೆ ಒಂದರ ಮೇಲೊಂದು ಇಟ್ಟಷ್ಟು. ಹಾಳೆಯ ಎರಡು ಚಿಕ್ಕ ಚೂರು ಕತ್ತರಿಸಿ ಹಿಮಾಲಯದ ಮೇಲೆ ಅಂಟಿಸಿ, ಕಣ್ಣು ಮುಚ್ಚಿ ಸವರಿ ನೋಡಲು ಹೇಳಿ. ಬೆಟ್ಟಗಳು ಉಬ್ಬಿಕೊಂಡಿರುವ ಗ್ಲೋಬ್ ನಿಮ್ಮಲ್ಲಿದ್ದರೆ ಆ ಉಬ್ಬು ನಿಜಕ್ಕಿಂತ ಹತ್ತಾರು ಪಟ್ಟು ದೊಡ್ಡದು ಅಂತ ಅಲ್ಲೇ ಹೇಳಿಬಿಡಿ. ಬಾಹ್ಯಾಕಾಶ ಶುರುವಾಗುತ್ತದೆ ಎಂದು ಸಾಮಾನ್ಯವಾಗಿ ಹಿಡಿಯುವ 100 ಕಿ.ಮೀ. ಎತ್ತರ ಈ ಗ್ಲೋಬಿನಲ್ಲಿ 2.4 ಮಿ.ಮೀ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವ 400 ಕಿ.ಮೀ. ಎತ್ತರ ಒಂದು ಸೆಂಟಿಮೀಟರೂ ಇಲ್ಲ.

ಚಂದ್ರನಿಗೆ ಮಾತ್ರ ಹೊರಗೆ ಹೋಗಬೇಕು. 8 ಸೆಂ.ಮೀ. ಅಗಲದ ದಪ್ಪ ಮೋಸಂಬಿಯೊಂದು ತನ್ನಿ. ಗ್ಲೋಬ್ ಹಿಡಿದವರಿಂದ ಎಷ್ಟು ದೂರ ನಿಲ್ಲಬೇಕು ಅಂತ ಮಕ್ಕಳೇ ತೀರ್ಮಾನಿಸಲಿ. ಸರಿಯಾದ ದೂರ 9 ಮೀಟರ್, ಗ್ಲೋಬಿನ ಅಗಲದ 30 ಪಟ್ಟು. ಪಠ್ಯಪುಸ್ತಕದ ಚಿತ್ರಗಳಲ್ಲಿ ಚಂದ್ರ ಭೂಮಿಯ ಪಕ್ಕದಲ್ಲೇ ಕೂತಿರುವುದರಿಂದ ಈ 9 ಮೀಟರ್ ಮಕ್ಕಳನ್ನು ನಿಜಕ್ಕೂ ಬೆಚ್ಚಿಬೀಳಿಸುತ್ತದೆ. ಸೂರ್ಯ? 33 ಮೀಟರ್ ಅಗಲದ ಗೋಳ, ಮೂರೂವರೆ ಕಿ.ಮೀ. ಆಚೆ. ಪಕ್ಕದ ಊರಿನ ಹೆಸರು ಹೇಳಿ ಸಾಕು.

ಕೊನೆಗೆ ವಿಮಾನದ ದಾರಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಗೋಡೆ ನಕ್ಷೆಯಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆಯಲು ಹೇಳಿ. ಎಲ್ಲರೂ ಅಟ್ಲಾಂಟಿಕ್ ಅಥವಾ ಪೆಸಿಫಿಕ್ ಸಾಗರ ದಾಟಿಸುತ್ತಾರೆ. ಆಮೇಲೆ ಗ್ಲೋಬಿನ ಮೇಲೆ ಎರಡೂ ಊರುಗಳಿಗೆ ದಾರ ಬಿಗಿಯಾಗಿ ಹಿಡಿಯಿರಿ. ದಾರ ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಉದ್ದ ಸುಮಾರು 33 ಸೆಂ.ಮೀ., ಅಂದರೆ 14,000 ಕಿ.ಮೀ. ದಾರ ಸಡಿಲವಿದ್ದರೆ ದಾರಿ ಎಲ್ಲೆಂದರಲ್ಲಿ ಹೋಗುತ್ತದೆ. ಅದಕ್ಕೇ ಒಬ್ಬರು ಎರಡೂ ತುದಿ ಎಳೆದು ಹಿಡಿಯಬೇಕು, ಇನ್ನೊಬ್ಬರು ಮಧ್ಯದಲ್ಲಿ ದಾರವನ್ನು ಮೆಲ್ಲಗೆ ಮೀಟಿ ಬಿಡಬೇಕು. ಅದು ತಾನಾಗಿ ಅತಿ ಹತ್ತಿರದ ದಾರಿಗೆ ಜಾರಿ ಕೂರುತ್ತದೆ. ಗ್ಲೋಬಿನ ಪಕ್ಕದ ಕಮಾನು ಪಟ್ಟಿ ಅಡ್ಡ ಬರುತ್ತದೆ. ಪ್ಲಾಸ್ಟಿಕ್ ಗ್ಲೋಬಾದರೆ ಪಟ್ಟಿಯನ್ನು ಸ್ವಲ್ಪ ಅಗಲಿಸಿದರೆ ಗೋಳ ಹೊರಗೆ ಬರುತ್ತದೆ, ಒಂದು ಪಾತ್ರೆಯ ಬಾಯಿ ಮೇಲೆ ಕೂರಿಸಿಕೊಳ್ಳಿ.

ನಕ್ಷೆಮನೆ:

ದಾರದುಂಡೆಯವರ ಲೆಕ್ಕಕ್ಕೆ ಒಂದು ಕೂಡಿಕೆ. 1 ಸೆಂ.ಮೀ.ಗೆ 425 ಕಿ.ಮೀ. ಆದರೆ 1 ಚದರ ಸೆಂ.ಮೀ.ಗೆ ಸುಮಾರು 1.8 ಲಕ್ಷ ಚದರ ಕಿ.ಮೀ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿ.ಮೀ. ಅಂದರೆ ನಿಮ್ಮ ಗ್ಲೋಬಿನಲ್ಲಿ ಗ್ರಾಫ್ ಹಾಳೆಯ ಒಂದು ಸೆಂಟಿಮೀಟರ್ ಚೌಕ ಹೆಚ್ಚುಕಡಿಮೆ ಒಂದು ಕರ್ನಾಟಕ! ಇಂಥ ಅನುಕೂಲ ಬೇರೆ ಅಳತೆಯ ಗ್ಲೋಬಿಗೆ ಸಿಗುವುದಿಲ್ಲ, ಬಿಡಬೇಡಿ.

ಕೆಲಸ ಇಷ್ಟೇ. ಬಟರ್ ಪೇಪರನ್ನು ಗ್ಲೋಬಿನ ಮೇಲೆ ಹಿಡಿದು ಗ್ರೀನ್‌ಲ್ಯಾಂಡಿನ ಅಂಚು ತಿದ್ದಬೇಕು. ಕರಾವಳಿಯ ಸಣ್ಣ ಸಣ್ಣ ಕೊರಕಲುಗಳನ್ನು ಬಿಟ್ಟುಬಿಡಿ. ಆ ಹಾಳೆಯನ್ನು ಗ್ರಾಫ್ ಹಾಳೆಯ ಮೇಲಿಟ್ಟು ಚೌಕ ಎಣಿಸಬೇಕು. ಅರ್ಧಕ್ಕಿಂತ ಹೆಚ್ಚು ತುಂಬಿದ ಚೌಕವನ್ನು ಒಂದು ಎಂದು ಹಿಡಿಯುವುದು, ಕಡಿಮೆಯಿದ್ದರೆ ಬಿಡುವುದು. ಗ್ರೀನ್‌ಲ್ಯಾಂಡಿಗೆ 12 ಚೌಕ, ಭಾರತಕ್ಕೆ 18, ಆಫ್ರಿಕಾಕ್ಕೆ 168ರ ಹತ್ತಿರ ಬರಬೇಕು. ಹತ್ತಕ್ಕೆ ಒಂದರಷ್ಟು ಹೆಚ್ಚುಕಡಿಮೆ ಸಹಜ. ಆಫ್ರಿಕಾವನ್ನು ಒಂದೇ ಹಾಳೆಯಲ್ಲಿ ತೆಗೆಯಲು ಹೋದರೆ ಹಾಳೆ ಸುಕ್ಕುಗಟ್ಟಿ ಲೆಕ್ಕ ಕೆಡುತ್ತದೆ. ಸಹಾರ, ಪಶ್ಚಿಮದ ಉಬ್ಬು, ನಡುಭಾಗ, ದಕ್ಷಿಣ ಎಂದು ನಾಲ್ಕು ತುಂಡು ಮಾಡಿ ನಾಲ್ಕು ಗುಂಪಿಗೆ ಹಂಚಿ.

ಇದಾದ ಮೇಲೆ ಗೋಡೆ ನಕ್ಷೆಯ ಮುಂದೆ ನಿಲ್ಲಿಸಿ. ಅದು ಮರ್ಕೇಟರ್ ನಕ್ಷೆಯಾದರೆ (ಧ್ರುವಗಳ ಕಡೆ ಹೋದಷ್ಟೂ ನೆಲವನ್ನು ಹಿಗ್ಗಿಸಿ ತೋರಿಸುವ ಬಗೆ) ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು, ನಮ್ಮ ಭಾರತವೇ ಅದರ ಒಂದೂವರೆ ಪಟ್ಟು. ಆದರೆ ಜಾಗ್ರತೆ: ನಿಮ್ಮ ನಕ್ಷೆ ಮರ್ಕೇಟರ್ ಹೌದೋ ಅಲ್ಲವೋ ಮೊದಲು ನೋಡಿಕೊಳ್ಳಿ. ಸಮಭಾಜಕದಿಂದ 20 ಡಿಗ್ರಿಯವರೆಗಿನ ಅಂತರ ಅಳೆಯಿರಿ, ಆಮೇಲೆ 60ರಿಂದ 80 ಡಿಗ್ರಿಯ ಅಂತರ. ಎರಡನೆಯದು ಮೊದಲಿನದರ ಮೂರು ಪಟ್ಟು ಇದ್ದರೆ ಮರ್ಕೇಟರ್. ಶಾಲೆಗಳಿಗೆ ಮಾರುವ ನಕ್ಷೆಗಳಲ್ಲಿ ಅಂಚು ದುಂಡಾಗಿರುವ ಬೇರೆ ಬಗೆಯವೂ ಇರುತ್ತವೆ. ಅವುಗಳಲ್ಲಿ ಈ ಉಬ್ಬರ ಅಷ್ಟು ಕಾಣುವುದಿಲ್ಲ, "ಆಫ್ರಿಕಾದಷ್ಟೇ ಕಾಣುತ್ತದೆ" ಎಂದು ನೀವು ಹೇಳಿದರೆ ಮಕ್ಕಳು ಇಲ್ಲವಲ್ಲ ಎನ್ನುತ್ತಾರೆ.

ನಕ್ಷೆ ಯಾಕೆ ಹೀಗೆ ಉಬ್ಬಿತು ಎಂದು ತೋರಿಸಲು ಕಿತ್ತಳೆ ಬೇಕು. ಮೋಸಂಬಿ ಆಗದು, ಸಿಪ್ಪೆ ತುಂಡುತುಂಡಾಗಿ ಬರುತ್ತದೆ. ಕಿತ್ತಳೆಯ ಮೇಲೆ ಮಾರ್ಕರ್‌ನಿಂದ ಖಂಡಗಳನ್ನು ಬರೆದು, ಮೇಲಿನಿಂದ ಕೆಳಕ್ಕೆ ಆರು ಸೀಳು ಹಾಕಿ, ಸಿಪ್ಪೆ ಬಿಡಿಸಿ ಮೇಜಿನ ಮೇಲೆ ಒತ್ತಿ. ಧ್ರುವಗಳ ಕಡೆ ಸೀಳು ಬಾಯಿ ಬಿಟ್ಟುಕೊಳ್ಳುತ್ತದೆ. ಆ ಖಾಲಿ ಜಾಗ ಮುಚ್ಚಬೇಕಾದರೆ ಸಿಪ್ಪೆಯನ್ನು ಅಡ್ಡಕ್ಕೆ ಎಳೆಯಲೇಬೇಕು. ಅಡ್ಡಕ್ಕೆ ಎಳೆದಷ್ಟೇ ಉದ್ದಕ್ಕೂ ಎಳೆದರೆ ಆಕಾರ ಉಳಿಯುತ್ತದೆ, ಗಾತ್ರ ಹೋಗುತ್ತದೆ. 1569ರಲ್ಲಿ ನಕ್ಷೆಕಾರ ಮರ್ಕೇಟರ್ ಮಾಡಿದ್ದು ಇದನ್ನೇ. ಹಡಗಿನವರಿಗೆ ದಿಕ್ಸೂಚಿಯ ದಿಕ್ಕು ನೇರ ಗೆರೆಯಾಗಿ ಸಿಗುವುದು ಬೇಕಿತ್ತು, ದೇಶದ ಗಾತ್ರ ಬೇಕಿರಲಿಲ್ಲ. ಆ ಕೆಲಸಕ್ಕೆ ಅದು ಇಂದಿಗೂ ಒಳ್ಳೆಯ ನಕ್ಷೆ. "ಸುಳ್ಳು ನಕ್ಷೆ" ಎಂದು ಮಕ್ಕಳಿಗೆ ದಯವಿಟ್ಟು ಹೇಳಬೇಡಿ.

ಹೋಲಿಕೆಗೆ ಇನ್ನಷ್ಟು: ಸೆನೆಗಲ್ ದೇಶ ಕರ್ನಾಟಕಕ್ಕಿಂತ ಚೂರೇ ದೊಡ್ಡದು, ಮೇಲಾಗಿ ಹೆಚ್ಚುಕಡಿಮೆ ನಮ್ಮದೇ ಅಕ್ಷಾಂಶದಲ್ಲಿದೆ. ಕೊಡಗು ಜಿಲ್ಲೆ (4,102 ಚದರ ಕಿ.ಮೀ.) ಲಕ್ಸಂಬರ್ಗ್ ದೇಶಕ್ಕಿಂತ (2,586) ದೊಡ್ಡದು. 240 ಎಕರೆಯ ಲಾಲ್‌ಬಾಗಿನೊಳಗೆ 109 ಎಕರೆಯ ವ್ಯಾಟಿಕನ್ ಎರಡು ಸಲ ಹಿಡಿಸುತ್ತದೆ.

ಅಳತೆಪಟ್ಟಿ:

"ಅತಿ" ಎಂದು ಶುರುವಾಗುವ ಪ್ರಶ್ನೆಗಳನ್ನು ಬಿಡಬೇಕಾಗಿಲ್ಲ. ಹಿಂದೆ ಒಂದೇ ಒಂದು ಮಾತು ಸೇರಿಸಿ: ಎಲ್ಲಿಂದ ಅಳೆದದ್ದು?

ಸಮುದ್ರಮಟ್ಟದಿಂದ ಅಳೆದರೆ ಎವರೆಸ್ಟ್, 8,848.86 ಮೀಟರ್. ಇದು 2020ರ ಡಿಸೆಂಬರಿನಲ್ಲಿ ನೇಪಾಳ ಮತ್ತು ಚೀನಾ ಸೇರಿ ಪ್ರಕಟಿಸಿದ ಅಂಕಿ. ಹಳೆಯ ಪುಸ್ತಕಗಳಲ್ಲಿ 8,848 ಇರುತ್ತದೆ, ಜಗಳ ಬೇಡ. ಬುಡದಿಂದ ತುದಿಯವರೆಗೆ ಅಳೆದರೆ ಹವಾಯಿಯ ಮೌನಾ ಕೆಯಾ. ಸಮುದ್ರದ ಮೇಲೆ ಕಾಣುವುದು 4,200 ಮೀಟರ್ ಚಿಲ್ಲರೆ, ಬುಡವಿರುವುದು ಸಾಗರದ ತಳದಲ್ಲಿ, ಒಟ್ಟು ಎತ್ತರ 10 ಕಿ.ಮೀ.ಗೂ ಹೆಚ್ಚು. ಭೂಮಿಯ ನಡುಬಿಂದುವಿನಿಂದ ಅಳೆದರೆ ಈಕ್ವೆಡಾರಿನ ಚಿಂಬೊರಾಸೊ. ಅದರ ಎತ್ತರ ಬರೀ 6,263 ಮೀಟರ್, ಆದರೂ ಅದರ ತುದಿ ಎವರೆಸ್ಟಿನ ತುದಿಗಿಂತ ಸುಮಾರು 2 ಕಿ.ಮೀ. ಹೊರಗಿದೆ. ಭೂಮಿ ಸೊಂಟದಲ್ಲಿ ಉಬ್ಬಿದೆ ಅನ್ನುವುದೇ ಕಾರಣ: ನಡುಬಿಂದುವಿನಿಂದ ಸಮಭಾಜಕಕ್ಕೆ 6,378 ಕಿ.ಮೀ., ಧ್ರುವಕ್ಕೆ 6,357 ಕಿ.ಮೀ.

ಉಬ್ಬು ತೋರಿಸುವ ಆಟಿಕೆ ಮಾಡುವುದು ಸುಲಭ. 40 ಸೆಂ.ಮೀ. ಉದ್ದ, ಒಂದೂವರೆ ಸೆಂ.ಮೀ. ಅಗಲದ ಎರಡು ಕಾಗದದ ಪಟ್ಟಿಗಳನ್ನು ನಡುವೆ ಅಡ್ಡಡ್ಡ ಅಂಟಿಸಿ, ನಾಲ್ಕೂ ತುದಿ ಮೇಲಕ್ಕೆ ತಂದು ಒಟ್ಟಿಗೆ ಅಂಟಿಸಿದರೆ ಬುಟ್ಟಿಯಂಥ ಗೋಳ. ಮೇಲೆ ಮತ್ತು ಕೆಳಗೆ ತೂತು ಮಾಡಿ ಪೆನ್ಸಿಲ್ ತೂರಿಸಿ. ಕೆಳಗಿನ ತೂತಿಗೆ ಮಾತ್ರ ಗಮ್‌ಟೇಪ್ ಹಾಕಿ, ಮೇಲಿನ ತೂತು ಸಡಿಲವಾಗಿ ಜಾರುವಂತಿರಲಿ. ಪೆನ್ಸಿಲ್ಲನ್ನು ಎರಡು ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸಿದರೆ ಗೋಳ ಅಗಲವಾಗಿ, ಮೇಲೆ ಕೆಳಗೆ ಚಪ್ಪಟೆಯಾಗುತ್ತದೆ. ಎರಡೂ ಕಡೆ ಅಂಟಿಸಿದರೆ ಏನೂ ಆಗುವುದಿಲ್ಲ, ಬಹಳ ಮಂದಿ ಎಡವುವುದು ಇಲ್ಲೇ. ಭೂಮಿಯ ನಿಜವಾದ ಉಬ್ಬು ನಿಮ್ಮ ಗ್ಲೋಬಿನ ವ್ಯಾಸದಲ್ಲಿ ಒಂದೇ ಮಿಲಿಮೀಟರ್ ಎಂದೂ ಹೇಳಿ. ಇಲ್ಲದಿದ್ದರೆ ಭೂಮಿ ಕುಂಬಳಕಾಯಿಯ ಆಕಾರ ಎಂದು ಮನಸ್ಸಿನಲ್ಲಿ ಕೂತುಬಿಡುತ್ತದೆ.

ನದಿಗೂ ಇದೇ ಮಾತು. ಹೆಚ್ಚಿನ ಪುಸ್ತಕಗಳಲ್ಲಿ ನೈಲ್ 6,650 ಕಿ.ಮೀ., ಅಮೆಜಾನ್ ಸುಮಾರು 6,400. ಆದರೆ ಯಾವ ತೊರೆಯನ್ನು ನದಿಯ ಮೂಲ ಎಂದು ಹಿಡಿಯುತ್ತೀರಿ ಎಂಬುದರ ಮೇಲೆ ಉದ್ದ ಬದಲಾಗುತ್ತದೆ. ನೀರಿನಲ್ಲಿ ಮಾತ್ರ ತಕರಾರೇ ಇಲ್ಲ: ಪ್ರಪಂಚದ ನದಿಗಳೆಲ್ಲ ಸೇರಿ ಸಮುದ್ರಕ್ಕೆ ಸುರಿಯುವ ನೀರಿನಲ್ಲಿ ಸುಮಾರು ಐದನೇ ಒಂದು ಪಾಲು ಅಮೆಜಾನಿನದು. ಮರುಭೂಮಿ ಅಂದರೆ ಮರಳಲ್ಲ, ಮಳೆ ಹಿಮ ಎಲ್ಲ ಸೇರಿ ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಬೀಳುವ ಜಾಗ. ಹಾಗಾಗಿ ಅತಿ ದೊಡ್ಡ ಮರುಭೂಮಿ ಅಂಟಾರ್ಕ್ಟಿಕಾ, ಸಹಾರ ಅಲ್ಲ. ಮಳೆಯನ್ನು ಗೋಡೆಯ ಮೇಲೆ ಗುರುತು ಹಾಕಿ ತೋರಿಸಿ. ಚಿಲಿ ದೇಶದ ಅರಿಕಾದಲ್ಲಿ ವರ್ಷದ ಸರಾಸರಿ ಮಳೆ ಒಂದು ಮಿ.ಮೀ.ಗಿಂತ ಕಡಿಮೆ, ನಾಣ್ಯದ ದಪ್ಪವೂ ಇಲ್ಲ. ಮೇಘಾಲಯದ ಮಾಸಿನ್‌ರಾಮ್‌ನದು ಸುಮಾರು 11,870 ಮಿ.ಮೀ., ಮೂರು ಮಹಡಿ ಕಟ್ಟಡಕ್ಕಿಂತ ಎತ್ತರ, ನಿಮ್ಮ ಗೋಡೆ ಸಾಲದು.

ಮೊಟ್ಟೆಯ ಲೆಕ್ಕ: ಗಾಜಿನ ಲೋಟ ತೆಗೆದುಕೊಳ್ಳಿ, ಸ್ಟೀಲಿನಲ್ಲಿ ಏನೂ ಕಾಣದು. 250 ಮಿ.ಲೀ. ನೀರಿಗೆ 9 ಗ್ರಾಂ, ಅಂದರೆ ಒಂದೂವರೆ ಟೀ ಚಮಚ ಪುಡಿ ಉಪ್ಪು ಹಾಕಿದರೆ ಸಾಮಾನ್ಯ ಸಮುದ್ರದ ನೀರಿನಷ್ಟು ಉಪ್ಪಾಗುತ್ತದೆ. ಅದರಲ್ಲಿ ತಾಜಾ ಮೊಟ್ಟೆ ಮುಳುಗುತ್ತದೆ. 40–45 ಗ್ರಾಂ, ಸುಮಾರು ಎರಡೂವರೆ ಊಟದ ಚಮಚ ಆದಾಗ ಮೇಲೆದ್ದು ಬರುತ್ತದೆ. ಹಳೆಯ ಮೊಟ್ಟೆ ಬಳಸಬೇಡಿ. ಅದರೊಳಗೆ ಗಾಳಿ ಸೇರಿಕೊಂಡು ಬರೀ ನೀರಿನಲ್ಲೇ ತೇಲಿ ಪ್ರಯೋಗ ಕೆಡಿಸುತ್ತದೆ. ಮೊಟ್ಟೆ ಬೇಡದವರಿಗೆ ಸಣ್ಣ ಆಲೂಗಡ್ಡೆ ಆಗುತ್ತದೆ. ಪುಡಿ ಉಪ್ಪಿನಿಂದ ನೀರು ಸ್ವಲ್ಪ ಮಬ್ಬಾಗುವುದು ಸಹಜ. ಕಲ್ಲುಪ್ಪು ಕರಗಲು ಹೊತ್ತು ಬೇಕು.

ಮೃತ ಸಮುದ್ರದ ನೀರಿನ ತೂಕದಲ್ಲಿ ನೂರಕ್ಕೆ ಸುಮಾರು 34 ಭಾಗ ಉಪ್ಪು. ಅಷ್ಟು ಮಾಡಲು ನಿಮ್ಮ ಲೋಟಕ್ಕೆ 129 ಗ್ರಾಂ ಬೇಕು, ಆದರೆ 90 ಗ್ರಾಂ ಆಗುತ್ತಿದ್ದಂತೆ ಅಡುಗೆ ಉಪ್ಪು ಕರಗುವುದು ನಿಂತುಹೋಗುತ್ತದೆ, ಉಳಿದದ್ದು ತಳದಲ್ಲೇ ಕೂರುತ್ತದೆ. ಅಲ್ಲಿನ ಲವಣದಲ್ಲಿ ಅರ್ಧದಷ್ಟು ಮೆಗ್ನೀಸಿಯಂ ಕ್ಲೋರೈಡ್, ಅದಕ್ಕೇ ಅಷ್ಟು ಕರಗಿದೆ. ಅದರ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 430 ಮೀಟರಿಗೂ ಹೆಚ್ಚು ಕೆಳಗಿದೆ. ಜೋರ್ಡನ್ ನದಿಯ ನೀರನ್ನು ದಾರಿಯಲ್ಲೇ ತಿರುಗಿಸಿಕೊಳ್ಳುವುದರಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮೀಟರ್ ಇಳಿಯುತ್ತಲೇ ಇದೆ. ಆದ್ದರಿಂದ ಹಳೆಯ ಅಟ್ಲಾಸಿನ ಅಂಕಿ ಬೇರೆ ಇರುತ್ತದೆ.

ಕಡಲಕಲ್ಲು:

ಖಂಡಗಳು ಜರುಗುತ್ತವೆ ಅನ್ನುವುದನ್ನು ಹೇಳಲು ಎಲ್ಲರೂ ದಕ್ಷಿಣ ಅಮೆರಿಕ–ಆಫ್ರಿಕಾ ಕತ್ತರಿಸಿ ಜೋಡಿಸುತ್ತಾರೆ. ಒಳ್ಳೆಯದೇ, ಆದರೆ ನಮ್ಮ ಮಕ್ಕಳಿಗೆ ಮಲ್ಪೆ ಇನ್ನೂ ಹತ್ತಿರ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತ ಕಲ್ಲುಗಳಿವೆಯಲ್ಲ, ಅವು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬಿಟ್ಟುಹೋಗುವಾಗ ಉಕ್ಕಿದ ಲಾವಾ ತಣ್ಣಗಾಗಿ ಆದವು. ಅದೇ ಕಾಲದ ಜ್ವಾಲಾಮುಖಿ ಕಲ್ಲು ಮಡಗಾಸ್ಕರಿನ ಪೂರ್ವ ಕರಾವಳಿಯಲ್ಲೂ ಇದೆ.

ಈಗ ದಾರ ಹಿಡಿಯಿರಿ. ಮಲ್ಪೆಯಿಂದ ಮಡಗಾಸ್ಕರಿನ ಪೂರ್ವ ಕರಾವಳಿಯ ನಡುಭಾಗಕ್ಕೆ ಹತ್ತೂವರೆ ಸೆಂ.ಮೀ., ಸುಮಾರು 4,500 ಕಿ.ಮೀ. ಸೆಂಟಿಮೀಟರಿಗೆ ಬದಲಿಸಿದರೆ 45 ಕೋಟಿ. 8.8 ಕೋಟಿ ವರ್ಷದಿಂದ ಭಾಗಿಸಿದರೆ ವರ್ಷಕ್ಕೆ 5 ಸೆಂ.ಮೀ. ಕೋಟಿಗೆ ಕೋಟಿ ಹೊಡೆದುಹಾಕಿದರೆ ಐದನೇ ಕ್ಲಾಸಿನವರೂ ಮಾಡುತ್ತಾರೆ. ಕೈಬೆರಳಿನ ಉಗುರು ಬೆಳೆಯುವುದು ತಿಂಗಳಿಗೆ ಮೂರೂವರೆ ಮಿ.ಮೀ. ಆಸುಪಾಸು, ವರ್ಷಕ್ಕೆ 4 ಸೆಂ.ಮೀ. ಹಾಗಾದರೆ ಎರಡು ನೆಲಗಳು ದೂರವಾದದ್ದು ಹೆಚ್ಚುಕಡಿಮೆ ಉಗುರಿನ ವೇಗದಲ್ಲಿ. ಇದು ಬರೀ ಸರಾಸರಿ ಅನ್ನುವುದನ್ನು ಹೇಳಿ. ನಡುವೆ ಭಾರತ ಇದರ ಮೂರು ಪಟ್ಟು ವೇಗವಾಗಿ ಉತ್ತರಕ್ಕೆ ಓಡಿದ ಕಾಲವೂ ಇದೆ, ಏಷ್ಯಾಕ್ಕೆ ಗುದ್ದಿದ ಮೇಲೆ ನಿಧಾನವಾಯಿತು.

ಗುದ್ದಿದ್ದಕ್ಕೆ ಸಾಕ್ಷಿ ಮನೆಯ ದೇವರ ಪೀಠದಲ್ಲೇ ಇರಬಹುದು. ಸಾಲಿಗ್ರಾಮ ಸಿಗುವುದು ನೇಪಾಳದ ಗಂಡಕಿ ನದಿಯಲ್ಲಿ. ಅದರೊಳಗಿನ ಚಕ್ರದ ಗುರುತು ಅಮೋನೈಟ್ ಎಂಬ ಕಡಲಜೀವಿಯ ಚಿಪ್ಪಿನ ಅಚ್ಚು. ಭಾರತಕ್ಕೂ ಏಷ್ಯಾಕ್ಕೂ ನಡುವೆ ಇದ್ದ ಟೆಥಿಸ್ ಸಮುದ್ರದ ತಳದ ಕೆಸರು ಮಡಿಚಿಕೊಂಡು ಮೇಲೆದ್ದು ಹಿಮಾಲಯವಾಯಿತು, ಚಿಪ್ಪೂ ಜೊತೆಗೆ ಮೇಲೆ ಹೋಯಿತು. ಎವರೆಸ್ಟಿನ ತುದಿಯ ಸುಣ್ಣಕಲ್ಲಿನಲ್ಲೂ ಕಡಲಜೀವಿಗಳ ಚೂರುಗಳಿವೆ. ಸಾಲಿಗ್ರಾಮವನ್ನು ಮಕ್ಕಳ ಕೈಗೆ ಕೊಡಿಸಬೇಡಿ, ಮನೆಯವರ ಪೂಜೆಯ ವಸ್ತು. ಚಿತ್ರ ತೋರಿಸಿ ಮನೆಯಲ್ಲಿ ನೋಡಿ ಬನ್ನಿ ಎಂದರೆ ಸಾಕು. ಮಡಿಕೆ ತೋರಿಸಲು ಮೇಜಿನ ಮೇಲೆ ಎರಡು ಮೂರು ಟವಲ್ ಹಾಸಿ ಎರಡು ಕಡೆಯಿಂದ ಪುಸ್ತಕಗಳಿಂದ ತಳ್ಳಿ. ನುಣುಪು ಮೇಜಾದರೆ ಟವಲ್ ಇಡಿಯಾಗಿ ಜಾರಿಹೋಗುತ್ತದೆ, ಒಂದು ಕಡೆಯ ಪುಸ್ತಕವನ್ನು ಗೋಡೆಗೆ ಆನಿಸಿ.

ಶನಿವಾರದ_ಗುಂಪು:

ಎಲ್ಲರಿಗೂ ತುಂಬ ಧನ್ಯವಾದ. ಎರಡು ಅನುಮಾನ. ಒಂದು, ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಉತ್ತರ ಧ್ರುವದ ಮೇಲೆ ಹಾರಿತು ಎಂದು 2021ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ದಾರ ಸೈಬೀರಿಯಾ ಮೇಲೆ ಹೋಗುತ್ತಿದೆಯಲ್ಲ? ಎರಡು, ಹೇಳಲೇಬಾರದ ತಪ್ಪು ಸಂಗತಿಗಳ ಪಟ್ಟಿ ಯಾರಾದರೂ ಕೊಡುತ್ತೀರಾ?

ದಾರದುಂಡೆ:

ಪತ್ರಿಕೆಯೂ ಸರಿ, ದಾರವೂ ಸರಿ. ಬಿಗಿ ದಾರ ಅತಿ ಹೆಚ್ಚೆಂದರೆ 71 ಡಿಗ್ರಿ ಉತ್ತರದವರೆಗೆ ಹೋಗುತ್ತದೆ, ಧ್ರುವ ಮುಟ್ಟುವುದಿಲ್ಲ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾದ ಆ ಮೊದಲ ವಿಮಾನ ಧ್ರುವದ ದಾರಿಯಲ್ಲಿ ಬಂದದ್ದು ನಿಜ. ಮಕ್ಕಳಿಂದ ಎರಡನ್ನೂ ಅಳೆಸಿ: ನೇರ ದಾರ 33 ಸೆಂ.ಮೀ., ಧ್ರುವಕ್ಕೆ ಹೋಗಿ ಅಲ್ಲಿಂದ ಇಳಿದರೆ 33.8. ವ್ಯತ್ಯಾಸ ಸುಮಾರು 375 ಕಿ.ಮೀ. ಮಾತ್ರ, 14,000ದಲ್ಲಿ ಅದೇನೂ ದೊಡ್ಡದಲ್ಲ. ಎದುರುಗಾಳಿ ತಪ್ಪುವುದಾದರೆ ಸುತ್ತುದಾರಿಯೇ ಲಾಭ. ವಿಮಾನದವರು ಆಯಾ ದಿನದ ಗಾಳಿ ನೋಡಿ ದಾರಿ ಹಾಕುತ್ತಾರೆ, ದಾರ ತೋರಿಸುವುದು ಗಾಳಿಯಿಲ್ಲದ ಲೆಕ್ಕ.

ಹದಿಮೂರನೇ_ಅಕ್ಷಾಂಶ:

ಬಿಡಬೇಕಾದ್ದರಲ್ಲಿ ಮೊದಲನೆಯದು ಚಂದ್ರನಿಂದ ಚೀನಾದ ಮಹಾಗೋಡೆ ಕಾಣುತ್ತದೆ ಅನ್ನುವುದು. ಗೋಡೆ ಉದ್ದವಿದೆ ನಿಜ, ಅಗಲ ಬಹುತೇಕ ಕಡೆ ಐದಾರು ಮೀಟರ್ ಅಷ್ಟೇ. 400 ಕಿ.ಮೀ. ಮೇಲಿನಿಂದ 6 ಮೀಟರ್ ನೋಡುವುದೂ, ಒಂದು ಕಿ.ಮೀ. ದೂರದಿಂದ ಒಂದೂವರೆ ಸೆಂ.ಮೀ. ಅಗಲದ ರಿಬ್ಬನ್ ನೋಡುವುದೂ ಒಂದೇ. ರಿಬ್ಬನ್ ನೆಲದ ಬಣ್ಣದ್ದೇ ಆಗಿರಬೇಕು, ಯಾಕೆಂದರೆ ಗೋಡೆ ಕಟ್ಟಿದ್ದು ಅಲ್ಲಿನದೇ ಕಲ್ಲು ಮಣ್ಣಿನಿಂದ. ಚಂದ್ರನಿಂದ ನೋಡುವುದು ನಾಲ್ಕೂವರೆ ಕಿ.ಮೀ. ದೂರದ ಒಂದು ತಲೆಗೂದಲು ನೋಡಿದಂತೆ. 2003ರಲ್ಲಿ ಬಾಹ್ಯಾಕಾಶಕ್ಕೆ ಹೋದ ಚೀನಾದ ಮೊದಲ ಯಾತ್ರಿ ಯಾಂಗ್ ಲಿವೇ ಅವರೇ ತಮಗೆ ಗೋಡೆ ಕಾಣಲಿಲ್ಲ ಎಂದರು.

ಸಮಭಾಜಕದ ಆಚೆ ಈಚೆ ಬಚ್ಚಲ ನೀರು ಬೇರೆ ಬೇರೆ ದಿಕ್ಕಿಗೆ ಸುಳಿಯುತ್ತದೆ ಅನ್ನುವುದನ್ನೂ ಬಿಡಿ. ಬಚ್ಚಲಿನಷ್ಟು ಸಣ್ಣ ಜಾಗದಲ್ಲಿ ಭೂಮಿಯ ತಿರುಗುವಿಕೆಯ ಪ್ರಭಾವ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ನೀರು ಹೇಗೆ ಸುರಿದಿರಿ, ತಳದ ಓರೆ ಹೇಗಿದೆ ಎಂಬುದೇ ಸುಳಿಯ ದಿಕ್ಕು ತೀರ್ಮಾನಿಸುತ್ತದೆ. ಅದರ ಬದಲು ಚಂಡಮಾರುತ ಹೇಳಿ: ಬಂಗಾಳ ಕೊಲ್ಲಿಯದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಮಡಗಾಸ್ಕರಿನ ಬಳಿಯದು ಮುಳ್ಳಿನಂತೆ ಸುತ್ತುತ್ತದೆ. ಅಲ್ಲಿ ಅಪವಾದವಿಲ್ಲ.

ಕಾಲ ಕೆಳಗೆ ನೇರ ತೋಡಿದರೆ ಅಮೆರಿಕ, ಇದೂ ತಪ್ಪು. ಎದುರು ಬಿಂದು ಹುಡುಕುವ ಲೆಕ್ಕ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಅಕ್ಷಾಂಶದ ಉತ್ತರವನ್ನು ದಕ್ಷಿಣ ಮಾಡುವುದು, ರೇಖಾಂಶವನ್ನು 180ರಿಂದ ಕಳೆದು ಪೂರ್ವವನ್ನು ಪಶ್ಚಿಮ ಮಾಡುವುದು. ಬೆಂಗಳೂರು 13 ಉತ್ತರ, 77.6 ಪೂರ್ವ. ಎದುರು 13 ದಕ್ಷಿಣ, 102.4 ಪಶ್ಚಿಮ: ಪೆಸಿಫಿಕ್ ಸಾಗರದ ನಡುನೀರು, ಈಸ್ಟರ್ ದ್ವೀಪ ಅಲ್ಲಿಂದ ಸುಮಾರು 1,700 ಕಿ.ಮೀ. ದಕ್ಷಿಣಕ್ಕೆ. ಆ ಈಸ್ಟರ್ ದ್ವೀಪದ ಎದುರು ಬಿಂದು ಎಲ್ಲಿ ಎಂದು ಹುಡುಕಿಸಿ. ರಾಜಸ್ಥಾನದ ಜೈಸಲ್ಮೇರ್ ಬಳಿ ಬರುತ್ತದೆ! ಮಕ್ಕಳು ತಪ್ಪುವುದು 180ರಿಂದ ಕಳೆಯುವುದನ್ನು ಮರೆತು ಅಕ್ಷಾಂಶದಂತೆ ಇದನ್ನೂ ಬರೀ ತಿರುಗಿಸುವುದರಲ್ಲಿ.

ದೇಶಗಳ ಸಂಖ್ಯೆ ಹೇಳುವಾಗ ಹೀಗೆ ಹೇಳಿ: ವಿಶ್ವಸಂಸ್ಥೆಯಲ್ಲಿ 193 ಸದಸ್ಯರು, ವ್ಯಾಟಿಕನ್ ಮತ್ತು ಪ್ಯಾಲೆಸ್ತೀನ್ ವೀಕ್ಷಕರು. ಹೆಸರುಗಳಲ್ಲಿ ಎಸ್ವಾಟಿನಿ (2018) ಮತ್ತು ಉತ್ತರ ಮ್ಯಾಸಿಡೋನಿಯಾ (2019) ಹಳೆಯ ಅಟ್ಲಾಸಿನಲ್ಲಿ ಇರುವುದಿಲ್ಲ, ಪೆನ್ಸಿಲ್‌ನಿಂದ ತಿದ್ದಿಡಿ.

ಇನ್ನೊಂದು ನಿಮ್ಮ ತರಗತಿಯ ಹೊತ್ತಿಗೇ ಹೇಳಿ ಮಾಡಿಸಿದಂತಿದೆ. ಶನಿವಾರ ಸರಿಯಾಗಿ 4 ಗಂಟೆಗೆ ಪೆಸಿಫಿಕ್ ಕಡೆ ಗ್ಲೋಬ್ ತಿರುಗಿಸಿ. ಆ ಕ್ಷಣದಲ್ಲಿ ಅಮೆರಿಕನ್ ಸಮೋವಾದಲ್ಲಿ ಇನ್ನೂ ಶುಕ್ರವಾರ ರಾತ್ರಿ 11:30. ಕಿರಿಬಾಸ್ ದೇಶದ ಕ್ರಿಸ್ಮಸ್ ದ್ವೀಪದಲ್ಲಿ ಆಗಲೇ ಭಾನುವಾರ, ನಡುರಾತ್ರಿ ಕಳೆದು 12:30. ಒಂದೇ ಹೊತ್ತು, ಭೂಮಿಯ ಮೇಲೆ ಮೂರು ವಾರ, ಮೂರು ತಾರೀಖು! ಈ ಎರಡು ಜಾಗಗಳ ನಡುವೆ ದಾರ ಹಿಡಿದರೆ ಬರೀ ಐದೂವರೆ ಸೆಂ.ಮೀ., ಸುಮಾರು 2,300 ಕಿ.ಮೀ. ಗಡಿಯಾರದಲ್ಲಿ ಮಾತ್ರ 25 ಗಂಟೆಯ ಅಂತರ. ನಮ್ಮ ಗಡಿಯಾರದಲ್ಲಿ ಇದು ನಡೆಯುವುದು ದಿನವೂ 3:30ರಿಂದ 4:30ರವರೆಗೆ, ಆ ಮೇಲೆ ಸಮೋವಾದಲ್ಲೂ ಶನಿವಾರ ಹುಟ್ಟುತ್ತದೆ. ತಡವಾಗಿ ಶುರು ಮಾಡಿದರೆ ಕೈತಪ್ಪುತ್ತದೆ. ಎರಡು ಎಚ್ಚರಿಕೆ: ಪಕ್ಕದ ಸಮೋವಾ ದೇಶ ಬೇರೆ, ಅಮೆರಿಕನ್ ಸಮೋವಾ ಬೇರೆ. ಸಮೋವಾ ದೇಶ 2011ರ ಡಿಸೆಂಬರ್ 30ನ್ನು ಕ್ಯಾಲೆಂಡರಿನಿಂದಲೇ ಬಿಟ್ಟು, ಗುರುವಾರದಿಂದ ನೇರ ಶನಿವಾರಕ್ಕೆ ಜಿಗಿದು ದಿನರೇಖೆಯ (ದಾಟಿದರೆ ತಾರೀಖು ಬದಲಾಗುವ ಗೆರೆ) ಈಚೆ ಬಂತು. ಕಿರಿಬಾಸ್ 1995ರಲ್ಲೇ ಆ ಕೆಲಸ ಮಾಡಿತ್ತು, ಅದಕ್ಕೂ ಹಳೆಯ ಗ್ಲೋಬಿನಲ್ಲಿ ದಿನರೇಖೆ ಹಳೆಯ ಜಾಗದಲ್ಲೇ ಇರುತ್ತದೆ. ಕಿರಿಬಾಸ್ ಅನ್ನು ಅಟ್ಲಾಸಿನಲ್ಲಿ ಕಿರಿಬಾಟಿ ಎಂದು ಬರೆದಿರುತ್ತಾರೆ, ಅಲ್ಲಿನ ಭಾಷೆಯಲ್ಲಿ ಆ "ಟಿ"ಯನ್ನು "ಸ್" ಎಂದು ಓದಬೇಕು.

ಶನಿವಾರದ_ಗುಂಪು:

ಈ ಶನಿವಾರ ನಾಲ್ಕು ಗಂಟೆಗೆ ದಿನರೇಖೆ, ಉಳಿದ ಹೊತ್ತಿಗೆ 425ರ ಅಳತೆ ಮತ್ತು ಮೋಸಂಬಿ ಚಂದ್ರ ಇಟ್ಟುಕೊಳ್ಳುತ್ತೇವೆ. ಪಕ್ಕದ ಊರಿನ ಶಾಲೆಯವರು 20 ಸೆಂ.ಮೀ. ಗ್ಲೋಬ್ ತರುತ್ತಾರಂತೆ. ಅದಕ್ಕೂ ಇದೇ ಅಂಕಿ ನಡೆಯುತ್ತದೆಯೇ?

ದಾರದುಂಡೆ:

ನಡೆಯುವುದಿಲ್ಲ. ಅದರ ಸುತ್ತಳತೆ 63 ಸೆಂ.ಮೀ. ಆಸುಪಾಸು, ಒಂದು ಸೆಂಟಿಮೀಟರಿಗೆ ಸುಮಾರು 638 ಕಿ.ಮೀ. ಬೆಂಗಳೂರು–ದೆಹಲಿ 2.7 ಸೆಂ.ಮೀ. ಬರುತ್ತದೆ. ಚಂದ್ರನಿಗೆ ಐದೂವರೆ ಸೆಂ.ಮೀ. ಅಗಲದ ನಿಂಬೆಹಣ್ಣು, ದೂರ 6 ಮೀಟರ್. ಚೌಕ ಎಣಿಸುವುದನ್ನು ಅದರ ಮೇಲೆ ಮಾಡಿಸಬೇಡಿ, ಒಂದು ಚೌಕಕ್ಕೆ ಎರಡು ಕರ್ನಾಟಕಕ್ಕೂ ಹೆಚ್ಚು ಬಂದು ಸಣ್ಣ ದೇಶಗಳು ಕಳೆದುಹೋಗುತ್ತವೆ. ಎರಡು ಗುಂಪು ಮಾಡಿ ಎರಡೂ ಗ್ಲೋಬಿನಲ್ಲಿ ಮಲ್ಪೆ–ಮಡಗಾಸ್ಕರ್ ಅಳೆಸಿ. ದಾರದ ಉದ್ದ ಬೇರೆ ಬರುತ್ತದೆ, ಕಿಲೋಮೀಟರು ಒಂದೇ ಬರಬೇಕು. ಬರದಿದ್ದರೆ ಯಾರೋ ಒಬ್ಬರು ಸ್ಕೇಲನ್ನು ಸೊನ್ನೆಯ ಬದಲು ಒಂದರಿಂದ ಓದಿರುತ್ತಾರೆ.